ಕಾಯಿನ್ ಅರವಟ್ಟಿಗೆ: ಚಿಲ್ಲರೆ ಕ್ರಿಪ್ಟೊ ಹಂಚುವ ವೆಬ್‌ಸೈಟ್ ನಡೆಸುವುದು ಹೇಗೆ

ಬೇಸಿಗೆ ಬಂತೆಂದರೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾರಾದರೂ ಪುಣ್ಯಾತ್ಮರು ಅರವಟ್ಟಿಗೆ ಇಡುತ್ತಾರೆ. ಎರಡು ಮಣ್ಣಿನ ಮಡಕೆ, ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಸರಪಳಿ ಕಟ್ಟಿದ ಸ್ಟೀಲ್ ಲೋಟ. ಸರಪಳಿ ಯಾಕೆ ಅಂತ ಯಾರೂ ಕೇಳಲ್ಲ. ನೀರು ಧರ್ಮಕ್ಕೆ, ಲೋಟ ಧರ್ಮಕ್ಕಲ್ಲ.

ಕ್ರಿಪ್ಟೊ ಫಾಸೆಟ್ ಅನ್ನುವುದೂ ಇಂಥದೇ ವ್ಯವಸ್ಥೆ. ಫಾಸೆಟ್ ಅಂದರೆ ನಲ್ಲಿ. ಬಂದವರು ತಮ್ಮ ವ್ಯಾಲೆಟ್ ವಿಳಾಸ ಹಾಕಿ, ಕ್ಯಾಪ್ಚಾ (ಬಂದವರು ಮನುಷ್ಯರೇ ಅಂತ ನೋಡುವ ಒಗಟು) ಬಿಡಿಸಿ, ಒಂದು ಬಟನ್ ಒತ್ತುತ್ತಾರೆ. ಪೈಸೆ ಲೆಕ್ಕದಷ್ಟು ಕಾಯಿನ್ ಅವರಿಗೆ ಹೋಗುತ್ತದೆ. ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಮತ್ತೆ ಬಂದು ತೆಗೆದುಕೊಳ್ಳಬಹುದು. ಪುಟದ ಜಾಹೀರಾತಿನಿಂದ ಬರುವ ದುಡ್ಡು ನಡೆಸುವವರಿಗೆ. ಇದನ್ನು ಶುರುಮಾಡಿದ್ದು ಗ್ಯಾವಿನ್ ಆಂಡ್ರೆಸೆನ್, 2010ರಲ್ಲಿ. ಒಂದು ಕ್ಯಾಪ್ಚಾ ಬಿಡಿಸಿದವರಿಗೆ 5 ಬಿಟ್‌ಕಾಯಿನ್ ಕೊಡುತ್ತಿದ್ದರು. ಹೌದು, ಐದು. ಆಗ ಅದನ್ನು ಕೊಳ್ಳಲು ಸರಿಯಾದ ಅಂಗಡಿಯೇ ಇರಲಿಲ್ಲ. ನಾಲ್ಕು ಜನರ ಕೈಗೆ ಕಾಯಿನ್ ಸೇರಲಿ, ಬಳಸಿ ನೋಡಲಿ ಅನ್ನುವುದಷ್ಟೇ ಉದ್ದೇಶ. ಈಗ ಆ ಕಾಲ ಇಲ್ಲ.

ನಾನು ಬಟವಾಡಿಯ ನಮ್ಮ ಮನೆಯ ಮಹಡಿ ರೂಮಿನಿಂದ ಒಂದು ಡೋಜ್‌ಕಾಯಿನ್ ನಲ್ಲಿಯನ್ನು 14 ತಿಂಗಳು ನಡೆಸಿದೆ. ಕಾಯಿನ್ ಹಂಚುವುದು ಅರ್ಧ ಗಂಟೆಯಲ್ಲಿ ಕಲಿಯುವ ಕೆಲಸ. ಉಳಿದ ಸಮಯವೆಲ್ಲ ಹೋದದ್ದು ಆ ಸರಪಳಿಗೆ, ಅಂದರೆ ಕಳ್ಳರನ್ನು ತಡೆಯುವುದಕ್ಕೆ. ಈ ಬರಹವೂ ಬಹುಪಾಲು ಅದರ ಬಗ್ಗೆಯೇ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಡೊಮೇನ್ ಹೆಸರು ಹುಡುಕುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯಿರಿ. ನಾನು ಇದನ್ನು ಮೂರು ತಿಂಗಳಾದ ಮೇಲೆ ಬರೆದೆ, ಅದಕ್ಕೇ ಹೇಳುತ್ತಿರುವುದು.

ಕೆಳಗಿನ ಅಂಕಿಗಳೆಲ್ಲ ಅಂದಾಜಿಗೆ ಹಿಡಿದವು, ನಿಮ್ಮವನ್ನು ನೀವೇ ಹಾಕಿಕೊಳ್ಳಿ. ಸಾವಿರ ಪುಟ ತೆರೆದರೆ ಜಾಹೀರಾತಿನಿಂದ 20 ರೂಪಾಯಿ ಬರುತ್ತದೆ ಅಂದುಕೊಳ್ಳೋಣ. ಒಬ್ಬರು ಒಂದು ಸಲ ಕಾಯಿನ್ ತೆಗೆದುಕೊಳ್ಳಲು (ಇದೇ ಒಂದು ಕ್ಲೇಮ್) ಮೂರು ಪುಟ ನೋಡುತ್ತಾರೆ. ದಿನಕ್ಕೆ ಸಾವಿರ ಕ್ಲೇಮ್ ಆದರೆ ಮೂರು ಸಾವಿರ ಪುಟ, 60 ರೂಪಾಯಿ. ಇದರಲ್ಲಿ 40 ಹಂಚಿದರೆ ಒಂದು ಕ್ಲೇಮ್‌ಗೆ 4 ಪೈಸೆ. ಸರ್ವರ್ ಬಾಡಿಗೆ ತಿಂಗಳಿಗೆ 500 ಅಂದರೆ ದಿನಕ್ಕೆ ಸುಮಾರು 17. ಉಳಿದದ್ದು ಮೂರು ರೂಪಾಯಿ. ಕ್ಯಾತ್ಸಂದ್ರದಲ್ಲಿ ಒಂದು ಪ್ಲೇಟ್ ತಟ್ಟೆ ಇಡ್ಲಿ ತಿನ್ನಬೇಕಾದರೆ ಒಂದು ವಾರಕ್ಕೂ ಮೇಲೆ ನಲ್ಲಿ ಓಡಿಸಬೇಕು. ಅದೂ ಕರೆಂಟು, ಇಂಟರ್‌ನೆಟ್, ನಿಮ್ಮ ನಿದ್ದೆ ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ.

ಇದನ್ನು ನೋಡಿ ಹಾಳೆ ಹರಿದು ಹಾಕುವವರು ಬುದ್ಧಿವಂತರು. ಆದರೂ ಮಾಡುತ್ತೇನೆ ಅನ್ನುವವರಿಗೆ ಎರಡು ಒಳ್ಳೆಯ ಕಾರಣ ಇರಬಹುದು. ಒಂದು, ಕಲಿಕೆ: ಡೇಟಾಬೇಸ್, ಭದ್ರತೆ, ಪಾವತಿ, ಮೋಸಗಾರರನ್ನು ಹಿಡಿಯುವುದು, ಇಷ್ಟನ್ನೂ ಇಷ್ಟು ಅಗ್ಗಕ್ಕೆ ಕಲಿಸುವ ಬೇರೆ ಪ್ರಾಜೆಕ್ಟ್ ನನಗೆ ಗೊತ್ತಿಲ್ಲ. ಇನ್ನೊಂದು, ನಿಮ್ಮದೇ ಬೇರೆ ಸೈಟೋ ಸೇವೆಯೋ ಇದ್ದು, ಅಲ್ಲಿಗೆ ಜನ ಬರಲಿ ಅಂತ ನಲ್ಲಿ ಇಡುವುದು. ಬರೀ ಕಲಿಕೆಗೇ ಆದರೆ ಬೆಲೆಯೇ ಇಲ್ಲದ ಟೆಸ್ಟ್‌ನೆಟ್ ಕಾಯಿನ್ ಹಂಚಿ. ಇಥೀರಿಯಮ್‌ಗೆ ಸೆಪೋಲಿಯ, ಬಿಟ್‌ಕಾಯಿನ್‌ಗೆ ಸಿಗ್ನೆಟ್ ಅಂತ ಅಭ್ಯಾಸದ ಜಾಲಗಳಿವೆ. ಪ್ರೋಗ್ರಾಮ್ ಬರೆಯುವವರಿಗೆ ಆ ಕಾಯಿನ್ ಬೇಕೇ ಬೇಕು. ದುಡ್ಡು ಹೋಗುವ ಭಯ ಇಲ್ಲ, ಕಳ್ಳರೂ ಕಡಿಮೆ. ಇಂಜಿನಿಯರಿಂಗ್ ಓದುವ ಹುಡುಗರು ಕೇಳಿದರೆ ನಾನು ಮೊದಲು ತೋರಿಸುವುದು ಈ ದಾರಿಯನ್ನೇ.

ಹಾಳೆಯ ಕೊನೆಯಲ್ಲಿ ಒಂದು ಸಾಲು ಬರೆದು ಕೆಳಗೆ ಗೆರೆ ಎಳೆಯಿರಿ: ಇವತ್ತು ಹಂಚುವ ಮೊತ್ತ ಹಿಂದಿನ ಏಳು ದಿನ ಕೈಗೆ ಬಂದ ಸರಾಸರಿ ಆದಾಯದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿರಬಾರದು. ಕೈಗೆ ಬಂದದ್ದು, ಡ್ಯಾಶ್‌ಬೋರ್ಡಿನಲ್ಲಿ ಕಾಣುವುದಲ್ಲ. ಆ ಮೊತ್ತ ಮುಗಿದ ಕೂಡಲೇ ನಲ್ಲಿ ತಾನಾಗಿ ಮುಚ್ಚಿಕೊಳ್ಳಬೇಕು. ನಮ್ಮ ಸೈಟಿನಲ್ಲಿ "ಇವತ್ತಿನ ನೀರು ಮುಗೀತು, ನಾಳೆ ಬೆಳಗ್ಗೆ ಆರಕ್ಕೆ ಬನ್ನಿ" ಅಂತ ಹಾಕಿದ್ದೆ. ಮೂರು ದಿನಕ್ಕೊಮ್ಮೆ ನಲ್ಲಿ ನೀರು ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಯಾವ ಕಾಯಿನ್, ಯಾವ ದಾರಿಯಲ್ಲಿ

ಬಿಟ್‌ಕಾಯಿನ್ ಕೊಡೋಣ ಅಂತ ಎಲ್ಲರಿಗೂ ಮೊದಲು ಅನಿಸುತ್ತದೆ. ಲೆಕ್ಕ ನೋಡಿ. ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ. ಬೆಲೆ 80 ಲಕ್ಷ ರೂಪಾಯಿ ಅಂತ ಹಿಡಿದರೆ ಒಂದು ಸತೋಶಿಗೆ 8 ಪೈಸೆ. ಒಂದು ಮಾಮೂಲಿ ಸೆಗ್‌ವಿಟ್ (ಕಡಿಮೆ ಜಾಗ ಹಿಡಿಯುವ ಹೊಸ ಮಾದರಿಯ) ವ್ಯವಹಾರದ ಗಾತ್ರ ಸುಮಾರು 141 ವರ್ಚುವಲ್ ಬೈಟ್. ಶುಲ್ಕ ಬೈಟ್‌ಗೆ 5 ಸತೋಶಿ ಇರುವ ದಿನ 705 ಸತೋಶಿ, ಅಂದರೆ 56 ರೂಪಾಯಿ. ನಾಲ್ಕು ಪೈಸೆ ಕಳಿಸಲು 56 ರೂಪಾಯಿ ಅಂಚೆ ಖರ್ಚು! ಹತ್ತಾರು ಜನರಿಗೆ ಒಟ್ಟಿಗೆ ಒಂದೇ ವ್ಯವಹಾರದಲ್ಲಿ ಕಳಿಸಿದರೂ ಒಬ್ಬೊಬ್ಬರಿಗೆ 31 ಬೈಟ್ ಆಸುಪಾಸು ಬೇಕು, ಅದೇ 12 ರೂಪಾಯಿ ದಾಟುತ್ತದೆ. ಸಾಲದ್ದಕ್ಕೆ ಡಸ್ಟ್ ಮಿತಿ ಅಂತ ಒಂದಿದೆ: ಹಳೆಯ ಮಾದರಿ ವಿಳಾಸಕ್ಕೆ 546 ಸತೋಶಿ, ಸೆಗ್‌ವಿಟ್ ವಿಳಾಸಕ್ಕೆ 294 ಸತೋಶಿಗಿಂತ ಕಡಿಮೆ ಕಳಿಸಿದರೆ ಜಾಲದ ಕಂಪ್ಯೂಟರ್‌ಗಳು ಅದನ್ನು ಕಸ ಅಂತ ಮುಂದಕ್ಕೇ ಸಾಗಿಸುವುದಿಲ್ಲ.

ಹಾಗಾಗಿ ದಾರಿ ಮೂರು. ಮೊದಲನೆಯದು, ನೀವೇ ಖಾತೆ ಬರೆದಿಟ್ಟು ದೊಡ್ಡ ಮೊತ್ತ ಆದ ಮೇಲೆ ಕಳಿಸುವುದು. ಹಾಲಿನ ಡೇರಿಯಲ್ಲಿ ದಿನಾ ಪುಸ್ತಕಕ್ಕೆ ಬರೆದು ವಾರಕ್ಕೊಮ್ಮೆ ಬಟವಾಡೆ ಮಾಡಿದ ಹಾಗೆ. ಇದರ ತಲೆನೋವು ಏನೆಂದರೆ ಬೇರೆಯವರ ಬಾಕಿ ನಿಮ್ಮ ತಲೆಯ ಮೇಲೆ ಬೆಳೆಯುತ್ತಾ ಹೋಗುತ್ತದೆ.

ಎರಡನೆಯದು, ಫಾಸೆಟ್‌ಪೇ ಥರದ ಮಧ್ಯವರ್ತಿ. ನೀವೂ ಬಳಕೆದಾರರೂ ಇಬ್ಬರೂ ಅಲ್ಲಿ ಖಾತೆ ತೆರೆದಿರುತ್ತೀರಿ. ನಿಮ್ಮ ಸೈಟ್ ಎಪಿಐ (ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಕೋರಿಕೆ ಕಳಿಸುವ ದಾರಿ) ಮೂಲಕ "ಈ ವಿಳಾಸಕ್ಕೆ ಇಷ್ಟು" ಅನ್ನುತ್ತದೆ, ಅವರ ಪುಸ್ತಕದಲ್ಲಿ ಅಂಕಿ ಬದಲಾಗುತ್ತದೆ. ಬ್ಲಾಕ್‌ಚೈನ್ (ಕಾಯಿನ್ನಿನ ಸಾರ್ವಜನಿಕ ಲೆಕ್ಕದ ಪುಸ್ತಕ) ಮುಟ್ಟುವುದೇ ಇಲ್ಲ, ಆದ್ದರಿಂದ ಪೈಸೆ ಕಳಿಸಲು ರೂಪಾಯಿಗಳ ಶುಲ್ಕ ಇಲ್ಲ. ಬಳಕೆದಾರರು ನಾಲ್ಕಾರು ನಲ್ಲಿಗಳಿಂದ ತುಂಬಿಸಿಕೊಂಡು ಸಾಕಷ್ಟಾದ ಮೇಲೆ ತಮ್ಮ ವ್ಯಾಲೆಟ್‌ಗೆ ಎಳೆದುಕೊಳ್ಳುತ್ತಾರೆ. ಹೊಸಬರಿಗೆ ಇದೇ ಸರಿ, ನಾನೂ ಇದೇ ಮಾದರಿ ಹಿಡಿದೆ. ಆದರೆ ಮಧ್ಯವರ್ತಿಯ ಬಳಿ ಎರಡು ಮೂರು ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಇಡಬೇಡಿ. ಫಾಸೆಟ್‌ಬಾಕ್ಸ್ 2016ರ ಕೊನೆಗೆ, ಫಾಸೆಟ್‌ಹಬ್ 2019ರ ಕೊನೆಗೆ ಬಾಗಿಲು ಹಾಕಿದವು. ಈ ವ್ಯಾಪಾರದ ಆಯಸ್ಸೇ ಅಷ್ಟು.

ಮೂರನೆಯದು ಲೈಟ್ನಿಂಗ್, ಬಿಟ್‌ಕಾಯಿನ್ ಮೇಲೆ ಕಟ್ಟಿದ ಚಿಲ್ಲರೆ ಪಾವತಿಯ ಜಾಲ. ಬಿಟ್‌ಕಾಯಿನ್ನನ್ನೇ ಒಂದೆರಡು ಸತೋಶಿ ಲೆಕ್ಕದಲ್ಲಿ ಕಳಿಸಬಹುದು, ಬಳಕೆದಾರರು ಕ್ಯೂಆರ್ ಸ್ಕ್ಯಾನ್ ಮಾಡಿ ಎಳೆದುಕೊಳ್ಳುತ್ತಾರೆ. ಚಂದದ ವ್ಯವಸ್ಥೆ. ಆದರೆ ಚಾನೆಲ್ ತೆರೆಯಬೇಕು, ಅದರಲ್ಲಿ ದುಡ್ಡು ಕಟ್ಟಿಡಬೇಕು, ನೋಡ್ (ಆ ಜಾಲಕ್ಕೆ ಸೇರಿದ ನಿಮ್ಮ ಕಂಪ್ಯೂಟರ್) ಸದಾ ಎಚ್ಚರವಿರಬೇಕು. ಎರಡನೇ ವರ್ಷಕ್ಕೆ ಇರಲಿ.

ಕಾಯಿನ್ ಯಾವುದು ಅಂದರೆ ಡೋಜ್ ಅಥವಾ ಲೈಟ್‌ಕಾಯಿನ್ ಸಾಕು. ಯಾರೋ ನಿನ್ನೆ ಹುಟ್ಟಿಸಿದ ಟೋಕನ್‌ನವರು "ಹತ್ತು ಲಕ್ಷ ಟೋಕನ್ ಪುಕ್ಕಟೆ ಕೊಡ್ತೀವಿ, ಹಂಚಿ" ಅಂತ ಬರುತ್ತಾರೆ. ಬೇಡ ಅನ್ನಿ. ನಾಳೆ ಅದರ ಬೆಲೆ ಬಿದ್ದಾಗ ಜನ ಬೈಯುವುದು ಹಂಚಿದವರನ್ನು.

ಕಾನೂನು ಮತ್ತು ತೆರಿಗೆ, ಸರ್ವರ್ ಕೊಳ್ಳುವ ಮುಂಚೆ

ಇದನ್ನು ಹಾರಿಸಿ ಓದುವ ಆಸೆ ಆಗುತ್ತದೆ, ಓದಿ. ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಕಾಯಿನ್ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಅದೇ ವರ್ಷ ಜುಲೈ 1ರಿಂದ ವರ್ಗಾವಣೆಗೆ ಶೇ 1 ಟಿಡಿಎಸ್ ನಿಯಮವೂ ಬಂತು.

ನಲ್ಲಿ ನಡೆಸುವವರಿಗೆ ಇದರ ಅರ್ಥ: ಜಾಹೀರಾತಿನ ದುಡ್ಡು ಕಾಯಿನ್ ರೂಪದಲ್ಲಿ ಬಂದರೂ ಬಂದ ದಿನದ ರೂಪಾಯಿ ಬೆಲೆಗೆ ಅದು ಆದಾಯ. ಅದೇ ಕಾಯಿನ್ನನ್ನು ಆಮೇಲೆ ಮಾರಿದರೆ ಏರಿದ ಬೆಲೆಗೆ ಮತ್ತೊಂದು ಲೆಕ್ಕ. ಆದ್ದರಿಂದ ಮೊದಲ ದಿನದಿಂದಲೇ ಒಂದು ಶೀಟ್ ಇಡಿ: ತಾರೀಖು, ಬಂದ ಕಾಯಿನ್, ಆ ದಿನದ ದರ, ಹೋದ ಕಾಯಿನ್, ಆ ದಿನದ ದರ. ಹಂಚಿದ್ದನ್ನು ಖರ್ಚು ಅಂತ ತೋರಿಸುವ ಬಗೆಯನ್ನು ನಿಮ್ಮ ಸಿಎ ಹತ್ತಿರ ಕೂತು ಕೇಳಿ. ನಾನು ಹೋದಾಗ ಅವರು ಹತ್ತು ನಿಮಿಷ ಕೇಳಿಸಿಕೊಂಡು, ಕನ್ನಡಕ ತೆಗೆದು, "ಅಲ್ಲ ಸ್ವಾಮಿ, ನಾಲ್ಕು ಪೈಸೆ ಕೊಡೋಕೆ ಇಷ್ಟೆಲ್ಲ ಬೇಕಾ?" ಅಂದರು. ಶೀಟ್ ನೋಡಿದ ಮೇಲೆ ಮಾತ್ರ ಖುಷಿಯಾದರು.

ಇನ್ನೆರಡು ಗೆರೆ ದಾಟಬೇಡಿ. ಬೇರೆಯವರ ಕಾಯಿನ್ ಇಟ್ಟುಕೊಳ್ಳುವುದು, ಕಾಯಿನ್ ತೆಗೆದುಕೊಂಡು ಯುಪಿಐಗೆ ರೂಪಾಯಿ ಹಾಕುವುದು, ಇಂಥ ಸೇವೆಯನ್ನು ವ್ಯಾಪಾರವಾಗಿ ಮಾಡುವವರು 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿ ಬರುತ್ತಾರೆ. ಅದು ನೋಂದಣಿ, ಗ್ರಾಹಕರ ಗುರುತು, ವರದಿ ಅಂತ ಬೇರೆಯೇ ಲೋಕ. ಮೇಲೆ ಹೇಳಿದ ಮೊದಲ ದಾರಿಯಲ್ಲಿ ಬಾಕಿ ಬೆಳೆಯುವುದು ತಲೆನೋವು ಅಂದದ್ದು ಇದಕ್ಕೂ ಸೇರಿಯೇ. ಎರಡನೆಯದು ಜೂಜು. ವಿದೇಶದ ಎಷ್ಟೋ ನಲ್ಲಿ ಸೈಟುಗಳಲ್ಲಿ "ನಿಮ್ಮ ಕಾಯಿನ್ ಡಬಲ್ ಮಾಡಿ" ಅನ್ನುವ ದಾಳದ ಆಟ ಇರುತ್ತದೆ, ಅವರ ನಿಜವಾದ ಲಾಭ ಅಲ್ಲೇ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟುವ ಆಟವನ್ನಷ್ಟೇ ಅಲ್ಲ, ಅದರ ಜಾಹೀರಾತನ್ನೂ ಅಪರಾಧ ಮಾಡಿದೆ. ಜಾಹೀರಾತಿನ ಮಾತಿಗೆ ಬಂದಾಗ ಇದನ್ನು ನೆನಪಿಡಿ.

ಡೊಮೇನ್, ಸರ್ವರ್, ಎರಡು ಪರ್ಸು

ಡೊಮೇನ್ ಚಿಕ್ಕದಿರಲಿ, ಹೆಸರಲ್ಲಿ ಬೇರೆ ಯಾರದೋ ಬ್ರ್ಯಾಂಡ್ ಇರದಿರಲಿ. ಸರ್ವರ್‌ಗೆ ಒಂದು ಜಿಬಿ ರ‍್ಯಾಮ್‌ನ ವಿಪಿಎಸ್ (ನಿಮಗೇ ಅಂತ ಬಾಡಿಗೆಗೆ ಸಿಗುವ ಸರ್ವರ್ ಪಾಲು) ಸಾಕು. ಹಂಚಿಕೆಯ ಹೋಸ್ಟಿಂಗ್ ಬೇಡ. ನಾನು ಮೊದಲು ಅದನ್ನೇ ಕೊಂಡಿದ್ದೆ, ಬಾಟ್ (ಮನುಷ್ಯರಂತೆ ನಟಿಸುವ ಪ್ರೋಗ್ರಾಮ್) ದಾಳಿಯಾದ ಮರುದಿನ "ನಿಮ್ಮ ಖಾತೆಯಿಂದ ಲೋಡ್ ಜಾಸ್ತಿ" ಅಂತ ಹೋಸ್ಟಿಂಗ್‌ನವರು ಮುಚ್ಚಿಬಿಟ್ಟರು, ಬ್ಯಾಕಪ್ ತೆಗೆದುಕೊಳ್ಳಲೂ ಬಿಡಲಿಲ್ಲ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪುಕ್ಕಟೆ ಸಿಗುತ್ತದೆ. ಸರ್ವರ್ ಮುಂದೆ ಕಾವಲಿಗೆ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನ್ ಇಟ್ಟುಕೊಳ್ಳಿ.

ರೆಡಿಮೇಡ್ ಫಾಸೆಟ್ ಸ್ಕ್ರಿಪ್ಟ್‌ಗಳು ಪಿಎಚ್‌ಪಿಯಲ್ಲಿ ಬೇಕಾದಷ್ಟಿವೆ. ದುಡ್ಡು ಕೊಟ್ಟು ಕೊಳ್ಳಬೇಕಾದ್ದನ್ನು ಟೆಲಿಗ್ರಾಮಿನಲ್ಲಿ ಪುಕ್ಕಟೆ ಇಳಿಸಿಕೊಳ್ಳಬೇಡಿ. ಅದರೊಳಗೆ ಎಪಿಐ ಕೀಯನ್ನು, ಅಂದರೆ ಪಾವತಿಗೆ ಬೇಕಾದ ಗುಟ್ಟಿನ ಸಂಕೇತವನ್ನು, ಬೇರೆಯವರಿಗೆ ರವಾನಿಸುವ ಎರಡು ಸಾಲು ಸೇರಿಸಿರುತ್ತಾರೆ. ಸಾಧ್ಯವಿದ್ದರೆ ನೀವೇ ಬರೆಯಿರಿ, ಇಡೀ ಪ್ರೋಗ್ರಾಮ್ ಐದಾರು ನೂರು ಸಾಲು ದಾಟುವುದಿಲ್ಲ.

ಪರ್ಸು ಎರಡಿರಲಿ. ದೊಡ್ಡದು ನಿಮ್ಮ ಫೋನಿನಲ್ಲೋ ಹಾರ್ಡ್‌ವೇರ್ ವ್ಯಾಲೆಟ್ಟಿನಲ್ಲೋ, ಸರ್ವರ್‌ಗೆ ಅದರ ಸುಳಿವೂ ಇರಬಾರದು. ಚಿಕ್ಕದು ಮಧ್ಯವರ್ತಿಯ ಬಳಿ, ಅದಕ್ಕೆ ಎರಡು ಮೂರು ದಿನದ ನೀರು ಮಾತ್ರ. ತುಂಬುವುದನ್ನು ಕೈಯಾರೆ ಮಾಡಿ. ತಾನಾಗಿ ತುಂಬುವ ವ್ಯವಸ್ಥೆ ಮಾಡಿದರೆ ಕಳ್ಳನಿಗೆ ಓವರ್‌ಹೆಡ್ ಟ್ಯಾಂಕಿಗೇ ಪೈಪು ಕೊಟ್ಟ ಹಾಗೆ. ಎಪಿಐ ಕೀ ವೆಬ್ ಫೋಲ್ಡರಿನ ಹೊರಗಿನ ಫೈಲಿನಲ್ಲಿರಲಿ. ಬ್ರೌಸರ್‌ನಲ್ಲಿ ನಿಮ್ಮ ಡೊಮೇನ್ ಮುಂದೆ ಆ ಫೈಲಿನ ಹೆಸರು ಹೊಡೆದು ನೋಡಿ, ತೆರೆದುಕೊಂಡರೆ ಅವತ್ತೇ ಕೀ ಬದಲಾಯಿಸಿ.

ಬಟನ್ ಒತ್ತಿದಾಗ ಒಳಗೆ ಏನಾಗಬೇಕು

ಡೇಟಾಬೇಸಿನಲ್ಲಿ ಮೂರು ಟೇಬಲ್ ಸಾಕು: ಬಳಕೆದಾರರು, ಕ್ಲೇಮ್‌ಗಳು, ಪಾವತಿಗಳು. ಮೊತ್ತವನ್ನು ಎಂದೂ ದಶಮಾಂಶದಲ್ಲಿ ಬರೆಯಬೇಡಿ, ಅತಿ ಚಿಕ್ಕ ಘಟಕದ ಪೂರ್ಣಾಂಕದಲ್ಲಿ ಬರೆಯಿರಿ. ಡೋಜ್‌ನಲ್ಲೂ 1 ಕಾಯಿನ್‌ಗೆ 10 ಕೋಟಿ ಘಟಕ. ಡೋಜ್ ಬೆಲೆ 10 ರೂಪಾಯಿ ಅಂತ ಹಿಡಿದರೆ ನಮ್ಮ 4 ಪೈಸೆ 0.004 ಡೋಜ್, ಅಂದರೆ 4 ಲಕ್ಷ ಘಟಕ. ಫಾಸೆಟ್‌ಪೇ ಎಪಿಐ ಕೂಡ ಮೊತ್ತವನ್ನು ಇದೇ ಘಟಕದಲ್ಲಿ ಕೇಳುತ್ತದೆ. ಇಲ್ಲಿ ಒಂದು ಸೊನ್ನೆ ಹೆಚ್ಚು ಹಾಕಿದರೆ ಹತ್ತರಷ್ಟು ಹೋಗುತ್ತದೆ.

ಈಗ ನನ್ನ ಅವಮಾನದ ಕಥೆ. ಶುರುವಿನಲ್ಲಿ ನಾನು ಉದಾರಿ, ಒಂದು ಕ್ಲೇಮ್‌ಗೆ 0.05 ಡೋಜ್ ಇಟ್ಟಿದ್ದೆ. ಪ್ರೋಗ್ರಾಮ್ ಹೀಗಿತ್ತು: ಈ ವಿಳಾಸದ ಹಿಂದಿನ ಕ್ಲೇಮ್ ಯಾವಾಗ ಅಂತ ಓದು, ಒಂದು ಗಂಟೆ ದಾಟಿದ್ದರೆ ಕಾಯಿನ್ ಕಳಿಸು, ಆಮೇಲೆ ಹೊಸ ಸಮಯ ಬರೆದಿಡು. ನೋಡಲು ಸರಿಯಾಗೇ ಇದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಚಿಕ್ಕ ಪರ್ಸಿನಲ್ಲಿದ್ದ 60 ಡೋಜ್ ಖಾಲಿ. ಇಂಜಿನಿಯರಿಂಗ್ ಓದುತ್ತಿದ್ದ ಚಿಕ್ಕಪ್ಪನ ಮಗಳು ಅವತ್ತು ಮನೆಗೆ ಬಂದಿದ್ದಳು. ಕಾಫಿ ಲೋಟ ಹಿಡಿದುಕೊಂಡೇ ಲಾಗ್ ಮೇಲೆ ಬೆರಳಾಡಿಸಿದಳು.

"ಅಣ್ಣಾ, ಇಲ್ನೋಡು, ಎರಡು ಗಂಟೆ ಹನ್ನೊಂದು ನಿಮಿಷಕ್ಕೆ, ಒಂದೇ ಸೆಕೆಂಡಲ್ಲಿ ನಲ್ವತ್ತು ಸಲ ತಗೊಂಡವ್ನೆ."

"ಗಂಟೆಗೊಂದೇ ಅಂತ ಚೆಕ್ ಹಾಕಿದೀನಲ್ಲೇ."

"ಚೆಕ್ ಮಾಡೋದು ಮೊದ್ಲು, ಬರಿಯೋದು ಕೊನೇಲಿ. ನಲ್ವತ್ತು ಜನ ಒಟ್ಟಿಗೇ ಬಂದು 'ಇವ್ನು ತಗೊಂಡಿದಾನಾ' ಅಂತ ಕೇಳಿದ್ರೆ, ಯಾರೂ ಇನ್ನೂ ಬರ್ದೇ ಇಲ್ವಲ್ಲ."

ಮೂವತ್ತು ವಿಳಾಸ, ತಲಾ ನಲವತ್ತು ಸಲ, ತಲಾ 0.05. ಸರಿಯಾಗಿ 60. ಲೆಕ್ಕ ಮಾತ್ರ ಕಳ್ಳನದು ಪಕ್ಕಾ.

ಸರಿಯಾದ ಕ್ರಮ ಇದು. ಗಂಟೆಗೆ ಒಂದು ಕ್ಲೇಮ್ ಎಂದರೆ, ಯೂನಿಕ್ಸ್ ಸಮಯವನ್ನು (ಸೆಕೆಂಡುಗಳಲ್ಲಿ ಎಣಿಸುವ ಕಂಪ್ಯೂಟರ್ ಸಮಯ) 3600ರಿಂದ ಭಾಗಿಸಿ ಪೂರ್ಣಾಂಕ ತೆಗೆದರೆ ಆ ಗಂಟೆಯ ಸಂಖ್ಯೆ ಸಿಗುತ್ತದೆ. ಕ್ಲೇಮ್ ಟೇಬಲ್ಲಿನಲ್ಲಿ ವಿಳಾಸ ಮತ್ತು ಗಂಟೆಯ ಸಂಖ್ಯೆ ಎರಡೂ ಸೇರಿ ಯುನೀಕ್ ಇಂಡೆಕ್ಸ್ ಹಾಕಿ, ಅಂದರೆ ಅದೇ ಜೋಡಿ ಎರಡನೇ ಸಲ ಕೂರದ ಹಾಗೆ. ಬಟನ್ ಒತ್ತಿದ ಕೂಡಲೇ ಮೊದಲು ಸಾಲು ಬರೆಯಿರಿ. ನಲವತ್ತು ಕೋರಿಕೆ ಒಟ್ಟಿಗೆ ಬಂದರೂ ಒಂದು ಸಾಲು ಕೂರುತ್ತದೆ, ಉಳಿದ ಮೂವತ್ತೊಂಬತ್ತನ್ನು ಡೇಟಾಬೇಸೇ ತಳ್ಳುತ್ತದೆ. ಸಾಲು ಕೂತ ಮೇಲಷ್ಟೇ ಪಾವತಿ. ದಿನದ ಒಟ್ಟು ಮಿತಿಯನ್ನೂ ಇದೇ ಟ್ರಾನ್ಸಾಕ್ಷನ್ನಿನೊಳಗೆ, ಆ ಮಿತಿಯ ಸಾಲನ್ನು ಲಾಕ್ ಮಾಡಿಕೊಂಡು ಕಳೆಯಿರಿ.

ಪಾವತಿಗೆ ನಾಲ್ಕು ಸ್ಥಿತಿ ಇಡಿ: ಬಾಕಿ, ಕಳಿಸುತ್ತಿದೆ, ಹೋಯ್ತು, ಗೊತ್ತಿಲ್ಲ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಮಧ್ಯವರ್ತಿಯ ಎಪಿಐಗೆ ಕೋರಿಕೆ ಕಳಿಸಿದಿರಿ, ಉತ್ತರ ಬರಲಿಲ್ಲ, ಟೈಮ್‌ಔಟ್ ಆಯಿತು. ಕಾಯಿನ್ ಹೋಗಿರಬಹುದು, ಹೋಗದೆಯೂ ಇರಬಹುದು. ಆಗ ಪ್ರೋಗ್ರಾಮ್ ತಾನಾಗಿ ಮತ್ತೆ ಕಳಿಸಬಾರದು. "ಗೊತ್ತಿಲ್ಲ" ಅಂತ ಬರೆದಿಟ್ಟು, ಪಾವತಿ ಪಟ್ಟಿ ನೋಡಿ ಆಮೇಲೆ ತೀರ್ಮಾನಿಸಿ. ವಿಳಾಸ ಸರಿಯಿದೆಯೇ ಅಂತ ನೋಡುವ ಕರೆಯೂ ಎಪಿಐನಲ್ಲಿದೆ, ಬಳಕೆದಾರರು ಮೊದಲ ಸಲ ಬಂದಾಗಲೇ ಅದನ್ನು ಮಾಡಿಬಿಡಿ.

ಸರಪಳಿ: ಬಾಟ್‌ಗಳ ಜೊತೆ ಸಂಸಾರ

ಮೊದಲ ವಾರ ನಿಮ್ಮ ಸೈಟಿಗೆ ಬರುವವರಲ್ಲಿ ಮನುಷ್ಯರಿಗಿಂತ ಬಾಟ್‌ಗಳೇ ಹೆಚ್ಚಿದ್ದರೆ ಬೇಸರ ಬೇಡ, ಎಲ್ಲರದೂ ಅದೇ ಕಥೆ.

ಕ್ಯಾಪ್ಚಾ ಬೇಕು. ಎಚ್‌ಕ್ಯಾಪ್ಚಾ, ಕ್ಲೌಡ್‌ಫ್ಲೇರ್‌ನ ಟರ್ನ್‌ಸ್ಟೈಲ್ ಎರಡೂ ಆಗಬಹುದು. ಬ್ರೌಸರ್‌ನಲ್ಲಿ ಹಸಿರು ಟಿಕ್ ಬಂತು ಅಂತ ನಂಬಬೇಡಿ; ಅದು ಕೊಡುವ ಟೋಕನ್ ಅನ್ನು ನಿಮ್ಮ ಸರ್ವರ್ ಅವರ ಸರ್ವರ್‌ಗೆ ಕಳಿಸಿ ಕೇಳಬೇಕು. ಟರ್ನ್‌ಸ್ಟೈಲ್ ಟೋಕನ್ ಐದು ನಿಮಿಷ ಮಾತ್ರ, ಅದೂ ಒಂದೇ ಸಲ ಬಳಸಲು. ಇಷ್ಟಾದರೂ ಕ್ಯಾಪ್ಚಾ ಕೋಟೆಯಲ್ಲ. ಕೂಲಿಗೆ ಕ್ಯಾಪ್ಚಾ ಬಿಡಿಸಿಕೊಡುವ ಸೇವೆಗಳಿವೆ, ಸಾವಿರಕ್ಕೆ ಒಂದು ಡಾಲರ್ ಆಸುಪಾಸು, ಅಂದರೆ ಒಂದಕ್ಕೆ ಎಂಟೊಂಬತ್ತು ಪೈಸೆ. ಇಲ್ಲೇ ನಮ್ಮ ಹಾಳೆಯ ಲೆಕ್ಕ ಕೆಲಸಕ್ಕೆ ಬರುವುದು. ನೀವು ಕೊಡುವುದು 4 ಪೈಸೆ, ಕಳ್ಳನಿಗೆ ಒಳಗೆ ಬರಲು 8 ಪೈಸೆ ಖರ್ಚು. ಅವನು ಬೇರೆ ನಲ್ಲಿ ಹುಡುಕಿಕೊಳ್ಳುತ್ತಾನೆ. ನಾನು 0.05 ಕೊಡುತ್ತಿದ್ದಾಗ ಅದು ಐವತ್ತು ಪೈಸೆಯ ಹಬ್ಬ, ಕರೆಯದೇ ಬಂದರು. ಕಡಿಮೆ ಕೊಡುವುದೇ ಮೊದಲ ಬೇಲಿ.

ಎರಡನೇ ಬೇಲಿ ಐಪಿ ವಿಳಾಸ, ಅಂದರೆ ಬಂದವರ ಇಂಟರ್‌ನೆಟ್ ಸಂಪರ್ಕದ ನಂಬರು. ಇಲ್ಲಿ ನಾಲ್ಕು ಗುಂಡಿಗಳಿವೆ, ನಾನು ಮೂರಕ್ಕೆ ಬಿದ್ದೆ. ಕ್ಲೌಡ್‌ಫ್ಲೇರ್ ಹಿಂದೆ ಕೂತಾಗ ಸರ್ವರ್‌ಗೆ ಕಾಣುವುದು ಕ್ಲೌಡ್‌ಫ್ಲೇರ್‌ನ ಐಪಿ, ಬಂದವರದಲ್ಲ. ಅದರ ಮೇಲೆ ಮಿತಿ ಹಾಕಿದರೆ ಒಬ್ಬರು ಕ್ಲೇಮ್ ಮಾಡಿದ ಮೇಲೆ ಊರಿಗೆಲ್ಲ ಬಾಗಿಲು ಬಂದ್. ಸಿಎಫ್-ಕನೆಕ್ಟಿಂಗ್-ಐಪಿ ಅನ್ನುವ ಹೆಡರ್ (ಕೋರಿಕೆಯ ಜೊತೆ ಬರುವ ಚೀಟಿ) ಓದಬೇಕು. ಹಾಗಂತ ಬಂದ ಹೆಡರ್‌ನೆಲ್ಲ ನಂಬಿದರೆ ಬಾಟ್ ತನಗೆ ಬೇಕಾದ ಐಪಿ ಬರೆದುಕೊಂಡು ಬರುತ್ತದೆ. ಆದ್ದರಿಂದ ಕ್ಲೌಡ್‌ಫ್ಲೇರ್ ಬಿಟ್ಟು ಬೇರೆ ಎಲ್ಲಿಂದಲೂ ಸರ್ವರ್ ಮುಟ್ಟದ ಹಾಗೆ ಫೈರ್‌ವಾಲ್ ಹಾಕಿ. ಮೂರನೆಯದು ಐಪಿವಿ6, ಐಪಿ ವಿಳಾಸದ ಹೊಸ ಮಾದರಿ. ಒಂದೊಂದು ಮನೆಗೂ ಲೆಕ್ಕವಿಲ್ಲದಷ್ಟು ವಿಳಾಸ ಇರುತ್ತದೆ, ಇಡೀ ವಿಳಾಸ ಹೋಲಿಸಿದರೆ ಪ್ರಯೋಜನವಿಲ್ಲ. ಮೊದಲ 64 ಬಿಟ್ ಮಾತ್ರ ಹೋಲಿಸಿ.

ನಾಲ್ಕನೆಯದು ನಮ್ಮ ದೇಶದ್ದು. ಮೊಬೈಲ್ ಇಂಟರ್‌ನೆಟ್‌ನಲ್ಲಿ ಸಾವಿರಾರು ಜನ ಒಂದೇ ಐಪಿವಿ4 (ಹಳೆಯ ಮಾದರಿ) ವಿಳಾಸ ಹಂಚಿಕೊಂಡಿರುತ್ತಾರೆ. ಹಾಸ್ಟೆಲ್ ವೈಫೈ ಕೂಡ ಅಷ್ಟೇ. ಒಂದು ಐಪಿಗೆ ಒಂದೇ ಕ್ಲೇಮ್ ಅಂತ ಹೊರಗಿನವರ ಮಾರ್ಗದರ್ಶಿ ನೋಡಿ ಹಾಕಿದ್ದೆ. ಶಿರಾದ ಒಬ್ಬ ಹುಡುಗ ಮೇಲ್ ಬರೆದ: "ಸಾರ್, ನಾನು ಒಂದು ಸಲಾನೂ ತಗೊಂಡಿಲ್ಲ, ಆದ್ರೂ ಆಗ್ಲೇ ತಗೊಂಡಿದೀರ ಅಂತ ಬರುತ್ತೆ." ಅವನದೇನೂ ತಪ್ಪಿರಲಿಲ್ಲ. ಆಮೇಲೆ ಮೊಬೈಲ್ ಜಾಲದ ಐಪಿಗೆ ಗಂಟೆಗೆ 20, ಉಳಿದವಕ್ಕೆ 3, ಡೇಟಾಸೆಂಟರ್ ಮತ್ತು ವಿಪಿಎನ್ ಐಪಿಗೆ ಸೊನ್ನೆ ಅಂತ ಬದಲಾಯಿಸಿದೆ. ಯಾವ ಐಪಿ ಯಾವ ಬಗೆಯದು ಅಂತ ಹೇಳುವ ಸೇವೆಗಳು ದಿನಕ್ಕಿಷ್ಟು ಅಂತ ಉಚಿತವಾಗಿ ಸಿಗುತ್ತವೆ.

ರೆಫರಲ್ ಕಮಿಷನ್ (ಬೇರೆಯವರನ್ನು ಕರೆತಂದವರಿಗೆ ಕೊಡುವ ಪಾಲು) ಆಸೆ ಬಿಡಿ, ಕನಿಷ್ಠ ಮೊದಲ ಮೂರು ತಿಂಗಳು. ಒಬ್ಬನೇ ನೂರು ಖಾತೆ ಮಾಡಿ ತನ್ನನ್ನು ತಾನೇ ಕರೆತರುತ್ತಾನೆ.

ಇವೆಲ್ಲ ಆದ ಮೇಲೆ ಕಣ್ಣಿನ ಕೆಲಸ. ವಾರಕ್ಕೊಮ್ಮೆ ಲಾಗ್ ತೆರೆದು ಕೂರಿ. ಮನುಷ್ಯರು ಊಟಕ್ಕೆ ಹೋಗುತ್ತಾರೆ, ನಿದ್ದೆ ಮಾಡುತ್ತಾರೆ, ಹಬ್ಬದ ದಿನ ಬರುವುದಿಲ್ಲ. ಯುಗಾದಿಯ ದಿನವೂ 24 ಗಂಟೆಗೆ 24 ಕ್ಲೇಮ್, ಪ್ರತಿಯೊಂದೂ ಗಂಟೆ ಕಳೆದ ಮೂರನೇ ಸೆಕೆಂಡಿಗೆ ಇದ್ದರೆ ಆ ಕಡೆ ಒಬ್ಬಟ್ಟು ತಿನ್ನುವವರು ಯಾರೂ ಇಲ್ಲ ಅಂತಲೇ ಅರ್ಥ.

ಜಾಹೀರಾತು

ಗೂಗಲ್ ಆಡ್‌ಸೆನ್ಸ್ ಇದಕ್ಕೆ ಆಗಿಬರುವುದಿಲ್ಲ. ಜಾಹೀರಾತು ನೋಡಿದ್ದಕ್ಕೋ ಒತ್ತಿದ್ದಕ್ಕೋ ಬಳಕೆದಾರರಿಗೆ ಪ್ರತಿಫಲ ಕೊಡುವುದು ಅವರ ನಿಯಮಕ್ಕೆ ವಿರುದ್ಧ. ಬೇರೆ ಸೈಟಿಗೆ ಇಟ್ಟುಕೊಂಡ ಒಳ್ಳೆಯ ಆಡ್‌ಸೆನ್ಸ್ ಖಾತೆಯನ್ನು ಇಲ್ಲಿ ಹಾಕಿ ಕಳೆದುಕೊಳ್ಳಬೇಡಿ. ಕ್ರಿಪ್ಟೊ ಸೈಟುಗಳಿಗೇ ಅಂತ ಇರುವ ಎ-ಆಡ್ಸ್, ಬಿಟ್‌ಮೀಡಿಯಾ, ಕಾಯಿನ್‌ಜಿಲ್ಲಾ ಮುಂತಾದ ಜಾಲಗಳಲ್ಲಿ ಕೇಳಬೇಕು. ಅಲ್ಲಿ ಬರುವ ಜಾಹೀರಾತಿನಲ್ಲಿ ಕ್ಯಾಸಿನೊ, ಬೆಟ್ಟಿಂಗ್ ತುಂಬಾ ಇರುತ್ತವೆ. ಮೇಲೆ ಹೇಳಿದ ಕಾಯ್ದೆಯಲ್ಲಿ ಅಂಥ ಜಾಹೀರಾತಿಗೆ ಎರಡು ವರ್ಷದವರೆಗೆ ಸಜೆ, 50 ಲಕ್ಷದವರೆಗೆ ದಂಡ ಇದೆ. ಆ ವರ್ಗವನ್ನು ತಡೆಯುವ ಸೌಲಭ್ಯ ಇಲ್ಲದ ಜಾಲವನ್ನೇ ಹಾಕಬೇಡಿ. ಆದಾಯ ಅರ್ಧಕ್ಕಿಂತ ಕೆಳಗಿಳಿದರೂ ಸರಿ, ಹಂಚುವುದನ್ನೂ ಅಷ್ಟೇ ಇಳಿಸಿ.

ಶಾರ್ಟ್‌ಲಿಂಕ್ ಅನ್ನುವ ಇನ್ನೊಂದು ಆದಾಯವಿದೆ: ಜನರನ್ನು ನಾಲ್ಕು ಪುಟ ಸುತ್ತಿಸಿ ವಾಪಸ್ ಕರೆತರುವುದು. ದುಡ್ಡು ಬ್ಯಾನರ್‌ಗಿಂತ ಹೆಚ್ಚು. ಆದರೆ ದಾರಿಯಲ್ಲಿ "ನಿಮ್ಮ ಫೋನಿಗೆ ವೈರಸ್" ಅನ್ನುವ ಸುಳ್ಳು ಕಿಟಕಿಗಳೂ ಎಪಿಕೆ (ಆ್ಯಪ್ ಫೈಲ್) ಇಳಿಸಿಕೊಳ್ಳಿ ಅನ್ನುವ ಬಟನ್‌ಗಳೂ ಬರುತ್ತವೆ. ಹಳ್ಳಿಯ ಯಾರೋ ಅಜ್ಜಿಯ ಫೋನು ಹಿಡಿದ ಮೊಮ್ಮಗ ಅದನ್ನು ಒತ್ತಿದರೆ ಅಜ್ಜಿಯ ಪಿಂಚಣಿ ಹೋಗುತ್ತದೆ. ನಾನು ಹಾಕಲಿಲ್ಲ.

ಬಾಗಿಲು ತೆರೆದ ಮೇಲೆ

ಮೊದಲ ವಾರ ಗೆಳೆಯರು ಇಪ್ಪತ್ತು ಜನರಿಗಷ್ಟೇ ಕೊಡಿ, ದಿನದ ಮಿತಿ ಐದು ರೂಪಾಯಿ ಇರಲಿ. ಅವರಲ್ಲಿ ಒಬ್ಬರಿಗೆ "ಹೇಗಾದರೂ ಮಾಡಿ ಕದಿ, ಕದ್ದರೆ ಮಸಾಲೆ ದೋಸೆ" ಅನ್ನಿ. ನನ್ನ ತಂಗಿ ಎರಡು ದೋಸೆ ಗೆದ್ದಳು.

ಮುಖಪುಟದಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ: ಒಂದು ಸಲಕ್ಕೆ ಎಷ್ಟು ಪೈಸೆ, ತಿಂಗಳಿಡೀ ಬಂದರೂ ಎಷ್ಟು ಆಗಬಹುದು, ನಾವು ಯಾರಿಂದಲೂ ದುಡ್ಡು ಕೇಳುವುದಿಲ್ಲ, ಸೀಡ್ ಪದಗಳನ್ನೂ (ವ್ಯಾಲೆಟ್ ತೆರೆಯುವ ಗುಟ್ಟಿನ ಪದಗಳು) ಒಟಿಪಿಯನ್ನೂ ಕೇಳುವುದಿಲ್ಲ. ಕ್ರಿಪ್ಟೊ ಹೆಸರಲ್ಲಿ "ಮೊದಲು ಕಟ್ಟಿ, ಆಮೇಲೆ ಬಿಡಿಸಿಕೊಳ್ಳಿ" ಅನ್ನುವ ವಂಚನೆ ಊರೂರಲ್ಲಿ ನಡೆದಿರುವಾಗ ಜನ ಅನುಮಾನಿಸುವುದು ಸಹಜ. ನಿಮ್ಮ ಹೆಸರಲ್ಲಿ ಯಾರಾದರೂ ನಕಲಿ ಸೈಟ್ ಮಾಡಿ ದುಡ್ಡು ಕೇಳಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅನ್ನುವ ಸಾಲೂ ಅಲ್ಲೇ ಇರಲಿ.

ದಿನದ ಕೆಲಸ ಹತ್ತು ನಿಮಿಷದ್ದು. ಬೆಳಗ್ಗೆ ಹಿಂದಿನ ದಿನದ ಆದಾಯ, ಹಂಚಿದ್ದು, "ಗೊತ್ತಿಲ್ಲ" ಸ್ಥಿತಿಯ ಪಾವತಿಗಳು, ಪರ್ಸಿನಲ್ಲಿ ಉಳಿದದ್ದು ನೋಡಿ ಶೀಟಿಗೆ ಬರೆಯಿರಿ. ಡೋಜ್ ಬೆಲೆ ಏರಿದ ದಿನ ಮೊತ್ತ ಇಳಿಸಿ, ಇಳಿದ ದಿನ ಏರಿಸಿ. ಹಂಚಿಕೆ ರೂಪಾಯಿ ಲೆಕ್ಕದಲ್ಲೇ ಇರಲಿ. ಡೇಟಾಬೇಸ್ ಬ್ಯಾಕಪ್ ಸರ್ವರ್‌ನಲ್ಲೇ ಇದ್ದರೆ ಅದು ಬ್ಯಾಕಪ್ ಅಲ್ಲ, ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಮುಚ್ಚುವ ದಿನ

ಎಲ್ಲ ನಲ್ಲಿಗಳೂ ಒಂದು ದಿನ ಮುಚ್ಚುತ್ತವೆ. ಅದಕ್ಕೂ ವಿಧಾನವಿದೆ. ಮೂವತ್ತು ದಿನ ಮುಂಚೆ ಮುಖಪುಟದಲ್ಲಿ ತಾರೀಖು ಹಾಕಿ. ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಿಸಿ. ಕಳಿಸಲು ಕನಿಷ್ಠ ಇಷ್ಟಾಗಬೇಕು ಅನ್ನುವ ಮಿತಿ ಇಟ್ಟಿದ್ದರೆ ಅದನ್ನು ಸೊನ್ನೆಗಿಳಿಸಿ, ಬಾಕಿ ಇರುವವರಿಗೆ ಕಳಿಸಿಬಿಡಿ. ಎಪಿಐ ಕೀ ರದ್ದು ಮಾಡಿ, ಆಮೇಲೆ ಪರ್ಸಿನಲ್ಲಿ ಉಳಿದದ್ದನ್ನು ದೊಡ್ಡ ಪರ್ಸಿಗೆ ಎಳೆದುಕೊಳ್ಳಿ. ಐಪಿ ವಿಳಾಸಗಳಿರುವ ಲಾಗ್ ಅಳಿಸಿ, ತೆರಿಗೆಗೆ ಬೇಕಾದ ಶೀಟ್ ಇಟ್ಟುಕೊಳ್ಳಿ. ಡೊಮೇನನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿ, ಇಲ್ಲವಾದರೆ ಬೇರೆ ಯಾರೋ ಕೊಂಡು ನಿಮ್ಮ ಹಳೆಯ ಗಿರಾಕಿಗಳಿಗೆ ಟೋಪಿ ಹಾಕುತ್ತಾರೆ.

ನನ್ನದು ಮುಚ್ಚಿದಾಗ ಬಾಕಿ ಪಟ್ಟಿಯಲ್ಲಿ 212 ವಿಳಾಸ ಇದ್ದವು, ಎಲ್ಲ ಸೇರಿ 9 ಡೋಜ್ ಚಿಲ್ಲರೆ. ರಾತ್ರಿ ಕೂತು ಕಳಿಸಿದೆ. 211 "ಹೋಯ್ತು" ಅಂತ ಬಂದವು, ಒಂದು "ಗೊತ್ತಿಲ್ಲ" ಅಂತ ನಿಂತಿತು. ಮಧ್ಯವರ್ತಿಯ ಪಟ್ಟಿ ತೆಗೆದು ಹುಡುಕಿದೆ, ಅಲ್ಲಿ ಇರಲಿಲ್ಲ. ಮತ್ತೆ ಕಳಿಸಿದೆ, 0.004. ಅದು ಶಿರಾದ ಹುಡುಗನದು.